ಸಿಸ್ಟರಮ್ಮನಿಗೆ ತಕ್ಕ ಗಾಡಿ

"ನೀನು ಗಾಡಿ ರಿಪೇರಿ ಮಾಡೋನೋ, ಗಾಡಿ ಮೇಲೆ ಭಾಷಣ ಮಾಡೋನೋ, ಅದನ್ನ ಮೊದಲು ಏಳಪ್ಪ" ಎಂದರು ಸಿಸ್ಟರಮ್ಮ, ನನ್ನ ಶೆಡ್ಡಿನ ಬೆಂಚಿನ ಮೇಲೆ ಕೂರುತ್ತಾ.

ಭಾಷಣವನ್ನು ನಾನು ಆಗಲೇ ಶುರು ಮಾಡಿಯಾಗಿತ್ತು. ಬಂಗಾರಪೇಟೆ ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ನನ್ನದೊಂದು ತಗಡಿನ ಶೆಡ್ಡು. ಎರಡು ಚಕ್ರದ ಗಾಡಿ ಯಾವುದೇ ಇರಲಿ, ಸದ್ದು ಕೇಳಿಯೇ ಕಾಯಿಲೆ ಹೇಳಿಬಿಡುತ್ತೇನೆ ಎನ್ನುವ ಜಂಬ ಆಗ ನನಗೆ ಮೈತುಂಬ ಇತ್ತು. ಎಂಬತ್ತರ ದಶಕದ ನಡುವಿನ ವರ್ಷಗಳು, ವಯಸ್ಸು ಮೂವತ್ತು. ಜಂಬ ಪಡುವುದಕ್ಕೆ ಅಷ್ಟು ಸಾಕಾಗಿತ್ತು.

ಸಿಸ್ಟರಮ್ಮ ಎಂದರೆ ಕಾಮಸಮುದ್ರದ ಕಡೆಯ ಏಳು ಹಳ್ಳಿಗಳಿಗೆ ಇದ್ದ ಸರ್ಕಾರಿ ನರ್ಸು. ಹೆರಿಗೆ, ಚುಚ್ಚುಮದ್ದು, ಬಾಣಂತಿಯರ ಆರೈಕೆ ಎಲ್ಲ ಅವರದೇ. ನಲವತ್ತೈದರ ಹೆಂಗಸು, ಎತ್ತರವೂ ಇದ್ದರು, ದಪ್ಪವೂ ಇದ್ದರು. ಅವರು ಕೂತಾಗ ನನ್ನ ಬೆಂಚಿನ ಹಲಗೆ ಒಮ್ಮೆ ನರಳಿತು. ನಾನು ಕೇಳಿಸದವನ ಹಾಗೆ ಬೇರೆ ಕಡೆ ನೋಡಿದೆ.

ಅವರು ಬಂದ ಕೆಲಸ ಸರಳವಾಗಿತ್ತು. "ಹದಿನಾರು ವರ್ಷ ನಡೆದೆ ತಮ್ಮ. ಈಗ ಮಂಡಿ ಎರಡೂ ಆಗಲ್ಲ ಅಂತಾವೆ. ಬಂಡೆ ಮ್ಯಾಲಿರೋ ಆ ದಿಣ್ಣೆಯೂರಿಗೆ ಓಗಿಬರೋದ್ರೊಳಗೆ ಒಂದು ದಿನ ಮುಗೀತದೆ. ನಮ್ಮ ಡಾಕ್ಟ್ರು ಏನಂತಾರೆ ಗೊತ್ತಾ, ವಾರಕ್ಕೆ ಏಳೂ ಊರು ಮುಟ್ಟಬೇಕು, ಆಗದಿದ್ರೆ ಕೋಲಾರದ ಆಸ್ಪತ್ರೆಗೆ ವರ್ಗ ಬರೀತೀನಿ, ಅಲ್ಲಿ ವಾರ್ಡಲ್ಲಿ ಕೂತ್ಕೊಂಡಿರಿ ಅಂತಾರೆ. ನಾನು ಗಾಡಿ ತಗೋತೀನಿ ಸಾರ್ ಅಂದೆ. ನಕ್ಬಿಟ್ರು. ಈ ತಿಂಗಳ ಕೊನೇ ಗುರುವಾರ ಒಂಬತ್ತು ಗಂಟೆಗೆ ಆ ದಿಣ್ಣೆ ಮೇಲೆ ಗಾಡೀಲಿ ಬಂದು ನಿಂತ್ಕಳಿ, ಆಮೇಲೆ ಮಾತಾಡಾಣ ಅಂದ್ರು."

"ವಾರ್ಡು ಒಳ್ಳೇದೇ ಅಲ್ವಾ ಅಕ್ಕಾ? ನೆರಳು, ಫ್ಯಾನು" ಎಂದೆ.

"ಆ ಏಳು ಊರಲ್ಲಿ ಇವತ್ತು ಇಸ್ಕೂಲಿಗೆ ಓಗೋ ಮಕ್ಕಳಲ್ಲಿ ಮುಕ್ಕಾಲು ಪಾಲು ನನ್ನ ಕೈಲೇ ಬಿದ್ದಿರೋದು. ಅವ್ರನ್ನ ಬಿಟ್ಟು ವಾರ್ಡಲ್ಲಿ ಕೂತ್ರೆ ಒಂದು ವರ್ಷಕ್ಕೆ ಸತ್ತೋಗ್ತೀನಿ" ಎಂದರು. ಹೇಳುವಾಗ ನಗುತ್ತಲೇ ಇದ್ದರು. ಆದರೆ ಕಣ್ಣು ನಗಲಿಲ್ಲ, ಅದನ್ನು ನಾನು ನೋಡಿದೆ.

ಅವರ ಹತ್ತಿರ ಐದು ಸಾವಿರ ಇತ್ತು, ಅದಕ್ಕಿಂತ ಮೇಲೆ ಹೋಗುವ ಹಾಗಿರಲಿಲ್ಲ. ಸೀರೆ ಉಟ್ಟು ಓಡಿಸುವ ಗಾಡಿಯಾಗಬೇಕು. ಹೆರಿಗೆ ಸಾಮಾನಿನ ಚೀಲ ಜೊತೆಗಿರುತ್ತದೆ. ಮಣ್ಣುದಾರಿ, ಹಳ್ಳದ ಮರಳು, ಕೊನೆಗೆ ಬಂಡೆಯ ಏರು. ಚಿಕ್ಕಂದಿನಲ್ಲಿ ಸೈಕಲ್ ತುಳಿದ ಅಭ್ಯಾಸವಿದೆ, ಇತ್ತೀಚೆಗೆ ಅಣ್ಣನ ಮಗನ ಗಾಡಿಯಲ್ಲಿ ಕಲಿತು ಲೈಸೆನ್ಸೂ ಮಾಡಿಸಿದ್ದಾರೆ. ಇಷ್ಟನ್ನೂ ನಾನು ಕೇಳಿ ತಿಳಿದುಕೊಂಡೆ. ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಒಂದು ಪ್ರಶ್ನೆ ಮಾತ್ರ ಬಾಯಿಂದ ಹೊರಡಲಿಲ್ಲ. ನಮ್ಮ ಕಡೆ ಹೆಂಗಸಿನ ತೂಕವನ್ನು ಯಾವ ಗಂಡಸೂ ಕೇಳುವುದಿಲ್ಲ. ಅದರಲ್ಲೂ ಸಿಸ್ಟರಮ್ಮನಂಥವರನ್ನು! ನಾನು ಕೆಳಗಿಂದ ಮೇಲಕ್ಕೆ ಒಮ್ಮೆ ನೋಡಿದೆ, ಎಂಬತ್ತು ಕೆಜಿ ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಮರ್ಯಾದೆಗೆ ಸ್ವಲ್ಪ ಕಮ್ಮಿಯೇ ಬರೆದುಕೊಂಡಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೊದಲು ನನ್ನ ತಲೆಗೆ ಬಂದದ್ದು ಮೊಪೆಡ್ಡು. ಬೂದಿಕೋಟೆಯಿಂದ ದಿನಾ ಹಾಲು ತರುತ್ತಿದ್ದ ಒಬ್ಬ ವ್ಯಾಪಾರಿ ಹೊಸ ಗಾಡಿ ಕೊಳ್ಳುವ ಆತುರದಲ್ಲಿ ಹಳೆಯ ಮೊಪೆಡ್ಡನ್ನು ಮಾರಲಿಕ್ಕೆ ಇಟ್ಟಿದ್ದ. ಹಗುರ, ಚಕ್ರ ದೊಡ್ಡದು, ಬೆಲೆ ಕೈಗೆಟುಕುವಂಥದ್ದು. ಇಂಜಿನ್ನು ಕೈಕೊಟ್ಟರೆ ಪೆಡಲ್ಲು ಇದೆ.

"ಎಂಬತ್ತು ಕೇಜಿ ಎಳೀತದೇನೋ?" ಎಂದು ಕೇಳಿದೆ.

"ಏನ್ಲಾ ಇಂಗೆ ಕೇಳ್ತೀಯ" ಎಂದು ಅವನಿಗೆ ಬೇಜಾರಾಯಿತು. "ಎರಡು ಕ್ಯಾನು ಆಲು ಆಕ್ಕೊಂಡು ಆರು ವರ್ಷ ಓಡ್ಸಿವ್ನಿ. ನೀನೇ ಆಕಿ ನೋಡ್ಕೊ ಕಣ್ಲಾ."

ಹಾಕಿಯೇ ನೋಡಿದೆವು. ನಮ್ಮ ಕಡೆ ಯಾವ ಗಾಡಿಗಾದರೂ ಪರೀಕ್ಷೆ ಎಂದರೆ ಹಾಲಿನ ಕ್ಯಾನೇ. ಇಷ್ಟು ಕ್ಯಾನ್ ಎಳೆಯುತ್ತದೆ ಎಂದರೆ ಮಾತು ಮುಗಿಯಿತು, ಮುಂದೆ ಯಾರೂ ತಕರಾರು ತೆಗೆಯುವುದಿಲ್ಲ. ಒಂದು ಕ್ಯಾನಿಗೆ ಕಂಠಪೂರ್ತಿ ನೀರು ತುಂಬಿದೆ, ಇನ್ನೊಂದಕ್ಕೆ ಅರ್ಧ ತುಂಬಿದೆ. ಹಿಂದಿನ ಚಕ್ರದ ಎರಡೂ ಕಡೆ ಕೊಕ್ಕೆಗೆ ನೇತುಹಾಕಿದೆ. ಕ್ಯಾನಿನ ತೂಕವೂ ಸೇರಿ ಎಂಬತ್ತರ ಹತ್ತಿರ ಆಯಿತು. ಹಾಲಿನವನು ಕೂರಲಿಲ್ಲ. ಪಕ್ಕದಲ್ಲಿ ಓಡುತ್ತಾ ಹ್ಯಾಂಡಲ್ಲು ಹಿಡಿದು, ರೈಲ್ವೆ ಗೇಟಿನಾಚೆಯ ಏರನ್ನು ಹತ್ತಿಸಿದ. ಮೊಪೆಡ್ಡು ಕೆಮ್ಮಿತು, ಹೊಗೆ ಬಿಟ್ಟಿತು, ಹತ್ತಿತು. "ಆಯ್ತಲ್ಲ" ಎಂದು ನಾನು ಕೈ ಒರೆಸಿಕೊಂಡೆ.

ಮೂರನೆಯ ದಿನ ಮೊಪೆಡ್ಡು ಎತ್ತಿನ ಗಾಡಿಯಲ್ಲಿ ಮಲಗಿಕೊಂಡು ವಾಪಸ್ಸು ಬಂತು. ಸಿಸ್ಟರಮ್ಮ ಗಾಡಿಯ ಮುಂದುಗಡೆ ಕೂತಿದ್ದರು, ಮೊಣಕೈಗೆ ತಾವೇ ಕಟ್ಟಿಕೊಂಡ ಬ್ಯಾಂಡೇಜು ಇತ್ತು. ಹಿಂದಿನ ಚಕ್ರದ ಕಡ್ಡಿಗಳಲ್ಲಿ ಒಂಬತ್ತು ಮುರಿದಿದ್ದವು, ರಿಮ್ಮು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

"ಏನಾಯ್ತಕ್ಕಾ?"

"ಮಟ್ಟಸದ ದಾರೀಲಿ ರಾಜಕುಮಾರಿ ತರ ಓದೆ ಕಣಪ್ಪ. ಏರಲ್ಲಿ ಮುಂದಿನ ಚಕ್ರ ಮ್ಯಾಲಕ್ಕೆ ಎದ್ಬುಡ್ತು. ನಾನೂ ಎದ್ದೆ, ಆಮೇಲೆ ಬಿದ್ದೆ."

ಅವರು ನಕ್ಕರು, ನಾನು ನಗಲಿಲ್ಲ. ನನಗೆ ಕೋಪ ಬಂದಿತ್ತು. ಮೊಪೆಡ್ಡಿನ ಮೇಲೆ, ಹಾಲಿನವನ ಮೇಲೆ, ದಾರಿಯ ಮೇಲೆ, ನನ್ನನ್ನು ಬಿಟ್ಟು ಮಿಕ್ಕೆಲ್ಲರ ಮೇಲೆ. ಹಾಲಿನವನು ಪಾಪ ತಕರಾರಿಲ್ಲದೆ ಗಾಡಿ ವಾಪಸ್ಸು ತಗೊಂಡ. ಕಡ್ಡಿ ಹಾಕಿ ರಿಮ್ಮು ತಿದ್ದಿಕೊಡುವ ಕೆಲಸ ನನ್ನ ತಲೆಗೆ ಬಂತು.

ಆಗ ನನಗೆ ಇನ್ನೊಂದು ಉಪಾಯ ಹೊಳೆಯಿತು. ನಡೆಯಲಾಗದವರಿಗಾಗಿ ಸ್ಕೂಟರಿನ ಎರಡೂ ಪಕ್ಕಕ್ಕೆ ಪುಟ್ಟ ಚಕ್ರ ಜೋಡಿಸಿ ಓಡಿಸುತ್ತಾರಲ್ಲ, ಅಂಥದ್ದು. ಬೀಳುವ ಭಯವೇ ಇಲ್ಲ, ಇಂಜಿನ್ನಿಗೂ ಶಕ್ತಿ ಇದೆ. ಕೆಜಿಎಫ್‌ನಲ್ಲಿ ಒಬ್ಬರ ಹತ್ತಿರ ಅಂಥ ಹಳೆಯ ಸ್ಕೂಟರು ಮಾರಾಟಕ್ಕಿತ್ತು. ಒಂದು ದಿನದ ಮಟ್ಟಿಗೆ ಕೇಳಿ ಪಡೆದೆ. ಸಿಸ್ಟರಮ್ಮ ಅದನ್ನು ಸುತ್ತು ಹಾಕಿ ನೋಡಿದರು. "ನೋಡೋಕೆ ಐಸ್‌ಕ್ರೀಂ ಗಾಡಿ ಇದ್ದಂಗೈತೆ" ಎಂದರು. "ಇರ್ಲಿ, ಮಕ್ಕಳು ಓಡಿ ಬತ್ತಾವೆ."

ಬೂದಿಕೋಟೆಯ ಕಡೆ ಒಂದು ಬಂಡಿದಾರಿಗೆ ಇಳಿಸಿದೆವು. ನಾನೇ ಓಡಿಸಿದೆ, ಅವರು ಹಿಂದೆ ನಡೆದು ಬಂದರು. ಎತ್ತಿನ ಗಾಡಿಯ ಚಕ್ರ ಕೊರೆದ ಮೊಣಕಾಲಾಳದ ಜಾಡು ಇರುತ್ತದಲ್ಲ, ಅದರೊಳಗೆ ಸ್ಕೂಟರು ಇಳಿಯಿತು. ಪಕ್ಕದ ಚಕ್ರಗಳು ಎರಡೂ ಜಾಡಿನ ಅಂಚಿನ ಮೇಲೆ ಕೂತವು. ಭಾರವೆಲ್ಲ ಅವುಗಳ ಮೇಲೆ ಬಿತ್ತು, ಇಂಜಿನ್ನು ತಿರುಗಿಸುವ ನಡುವಿನ ಚಕ್ರ ನೆಲ ಮುಟ್ಟದೆ ಗಾಳಿಯಲ್ಲಿ ಗಿರಗಿರ ತಿರುಗಿತು. ನಾನು ಆಕ್ಸಿಲರೇಟರ್ ತಿರುವಿದೆ, ಇನ್ನೂ ತಿರುವಿದೆ. ಸದ್ದು ಬಂತು, ಧೂಳು ಬಂತು, ಗಾಡಿ ಒಂದಿಂಚೂ ಕದಲಲಿಲ್ಲ. ಪಕ್ಕದ ಹೊಲದಲ್ಲಿ ಟೊಮೇಟೊ ಕೀಳುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬಂದು ನಿಂತರು. ಒಬ್ಬಾಕೆ, "ಏಮಪ್ಪಾ, ಹೊಲ ಉಳಕ್ಕೆ ಬಂದ್ಯಾ?" ಎಂದಳು. ಎಲ್ಲರೂ ಸೇರಿ ಸ್ಕೂಟರನ್ನು ಎತ್ತಿ ದಾರಿಗೆ ಇಟ್ಟರು. ಟಾರು ರಸ್ತೆಗೆ ಅದು ಒಳ್ಳೆಯ ಗಾಡಿಯೇ. ನಮ್ಮ ದಾರಿಗೆ ಆಗುವಂಥದ್ದಲ್ಲ.

ವಾಪಸ್ಸು ಬರುವಾಗ ಬೂದಿಕೋಟೆಯಲ್ಲಿ ಟೀ ಕುಡಿದೆವು. ಸಿಸ್ಟರಮ್ಮ ಲೋಟ ಕೆಳಗಿಟ್ಟು, "ಬಿಡು ತಮ್ಮ. ಇನ್ನು ಹನ್ನೆರಡು ದಿನ ಐತೆ. ನಿನ್ನ ಕೆಲಸಾನೂ ಕೆಡ್ತಾ ಐತೆ. ನಾನೇ ವರ್ಗ ಬೇಕು ಅಂತ ಬರೆದುಕೊಟ್ಬಿಡ್ತೀನಿ, ಅವ್ರು ಆಕೋದು ಬ್ಯಾಡ" ಎಂದರು.

ಅಷ್ಟು ದಿನದಲ್ಲಿ ಅವರ ಬಾಯಲ್ಲಿ ಸೋತ ಮಾತು ನಾನು ಕೇಳಿರಲಿಲ್ಲ. "ಇನ್ನು ನಾಲ್ಕು ದಿನ ಕೊಡಿ ಅಕ್ಕಾ" ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮಾರನೆಯ ದಿನ ಕೆಜಿಎಫ್‌ನ ಉರಿಗಾಂಗೆ ಹೋದೆ. ಅಲ್ಲಿ ಚಿನ್ನದ ಗಣಿಯ ವರ್ಕ್‌ಶಾಪಿನಿಂದ ರಿಟೈರಾದ ಒಬ್ಬ ಫಿಟ್ಟರ್ ತಾತ ಇದ್ದರು. ಮನೆಯ ಹಿಂದಿನ ಚಪ್ಪರದಲ್ಲಿ ಒಂದು ಸಣ್ಣ ಲೇತು ಇಟ್ಟುಕೊಂಡು, ಬಂದವರಿಗೆ ಬೇಕಾದ್ದನ್ನು ಕಡೆದು ಕೊಡುತ್ತಿದ್ದರು. ಮನೆಮಾತು ತಮಿಳು, ನನ್ನ ಜೊತೆ ಕನ್ನಡ, ಬೈಯುವುದು ಮಾತ್ರ ಎರಡರಲ್ಲೂ. ನಾನು ಒಂದು ಗಾಡಿ ನೋಡಿಟ್ಟಿದ್ದೆ. ಮೊಪೆಡ್ಡಿಗೂ ಸ್ಕೂಟರಿಗೂ ನಡುವಿನದು, ಕೈಯಲ್ಲೇ ಬದಲಾಯಿಸುವ ಮೂರು ಗೇರು, ಸೀರೆಯವರು ಕಾಲಿಡಲು ಮಧ್ಯೆ ಜಾಗ, ಚಕ್ರ ಸ್ಕೂಟರಿಗಿಂತ ದೊಡ್ಡದು. ಬೆಲೆಯೂ ಹೊಂದುತ್ತಿತ್ತು. ಆದರೆ ಹಿಂದಿನ ಎರಡು ಸಲ ಮುಖ ಮುರಿಸಿಕೊಂಡಿದ್ದರಿಂದ ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು.

ತಾತ ಕನ್ನಡಕ ಮೇಲಕ್ಕೇರಿಸಿ ಒಂದೇ ಮಾತು ಕೇಳಿದರು. "ಲೋಡ್ ಎಷ್ಟು ತಂಬಿ?"

"ಅಂದಾಜು ಎಂಬತ್ತು."

"ಅಂದಾಜು ಯಾರ್ದು?"

"ನಂದೇ ತಾತ. ನೋಡಿ ಹೇಳ್ದೆ. ಹೆಂಗಸರನ್ನ ಹೆಂಗೆ ಕೇಳೋದು?"

ಅವರು ಬೀಡಿಯನ್ನು ಪಕ್ಕಕ್ಕಿಟ್ಟರು. ನಾನು ಮೊಪೆಡ್ಡಿನ ಕಥೆ, ಕ್ಯಾನಿನ ಕಥೆ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರ ಭುಜ ಕುಲುಕತೊಡಗಿತು. ನಕ್ಕು ಮುಗಿದ ಮೇಲೆ ಬೈದರು.

"ಎನ್ನಪ್ಪಾ ನೀನು. ಮೈನಲ್ಲಿ ಆಳುಗಳ ಕೇಜನ್ನ ಹಗ್ಗದಲ್ಲಿ ಕೆಳಗಿಳಿಸೋಕೆ ಮುಂಚೆ ನಾವು ಕೇಳೋದು ಒಂದೇ, ಲೋಡ್ ಎಷ್ಟು. ದೊಡ್ಡ ದೊರೆ ಬಂದು ಒಳಗೆ ನಿಂತ್ರೂ ಕೇಳೋದೇ. ನಿನಗೆ ಕೇಳೋಕೆ ನಾಚ್ಕೆ ಅಂತ ಹಗ್ಗ ಸುಮ್ನೆ ಇರತ್ತಾ? ಇನ್ನೊಂದು ಕೇಳು. ನಿನ್ನ ಕ್ಯಾನ್ ಎಲ್ಲಿ ತೂಗಾಡ್ತು? ಕೆಳಗೆ, ಚಕ್ರದ ಪಕ್ಕ. ಆ ಅಮ್ಮ ಎಲ್ಲಿ ಕೂತ್ಕೋತಾರೆ? ಮೇಲೆ, ಹಿಂದೆ. ಏರಲ್ಲಿ ಮುಂದಿನ ಚಕ್ರ ಎದ್ದೇಳದೆ ಇನ್ನೇನಾಗತ್ತೆ? ಹಾಲು ಗಾಡಿ ಓಡ್ಸಲ್ಲ ತಂಬಿ, ಮನುಷ್ಯರು ಓಡ್ಸೋದು."

ಎಷ್ಟು ಸುಲಭದ ವಿಷಯ! ಹತ್ತು ವರ್ಷದಿಂದ ಸ್ಪ್ಯಾನರ್ ಹಿಡಿದವನು ನಾನು. ಆ ಹೆಂಗಸನ್ನು ಬಂಡೆಯ ಏರಿನಲ್ಲಿ ಬೀಳಿಸಿದ್ದು ಮೊಪೆಡ್ಡಲ್ಲ, ನನ್ನ ಮರ್ಯಾದೆ. ಕೇಳಿಯೇ ಬಿಡುತ್ತೇನೆ ಎಂದು ಅಲ್ಲೇ ತೀರ್ಮಾನ ಮಾಡಿದೆ. ತಾತ, "ಹೋಗಿ ಕೇಳ್ಕೊಂಡು ಬಾ, ಆಮೇಲೆ ಲೇತ್ ತಿರುಗಿಸ್ತೀನಿ" ಎಂದು ಬೀಡಿ ಹಚ್ಚಿದರು.

ಬೆಳಗಿನ ಬಸ್ಸಿಗೆ ಕಾಮಸಮುದ್ರದ ದಾರಿ ಹಿಡಿದೆ. ಬಸ್ಸಿನ ತುಂಬ ಬಾಯಲ್ಲೇ ಮಾತು ಜೋಡಿಸಿಕೊಂಡೆ. ಅಕ್ಕಾ, ತಪ್ಪು ತಿಳ್ಕೋಬೇಡಿ. ಅಕ್ಕಾ, ಇದು ಗಾಡಿಯ ವಿಷಯ. ಅಕ್ಕಾ, ನಿಮ್ಮ ತಮ್ಮ ಅಂದ್ಕೊಳ್ಳಿ. ಬಸ್ಸು ಇಳಿದು ಅವರ ಸೆಂಟರಿಗೆ ಹೋದರೆ, ಜಗಲಿಯ ತುಂಬ ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ತೊಲೆಗೆ ಮುಳ್ಳಿನ ತಕ್ಕಡಿ ನೇತುಹಾಕಿ, ಬಟ್ಟೆಯ ಜೋಲಿಯಲ್ಲಿ ಒಂದೊಂದೇ ಮಗುವನ್ನು ತೂಗಿ ಸಿಸ್ಟರಮ್ಮ ಬರೆದುಕೊಳ್ಳುತ್ತಿದ್ದರು. ಅಷ್ಟು ಜನರ ಮುಂದೆ ಕೇಳುವುದು ಹೇಗೆ? ಕಂಬ ಹಿಡಿದು ನಿಂತೆ.

"ಏನಪ್ಪ, ಯಾರಿಗೆ ಉಷಾರಿಲ್ಲ?"

"ಎಲ್ಲಾ ಚೆನ್ನಾಗವ್ರೆ ಅಕ್ಕಾ. ಒಂದು ವಿಷಯ ಕೇಳ್ಬೇಕಿತ್ತು. ಆಮೇಲೆ ಕೇಳ್ತೀನಿ."

"ಈಗ್ಲೇ ಕೇಳು. ಆಮೇಲೆ ನಾನು ಸಿಗಲ್ಲ."

ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು. "ನಿಮ್ಮ ತೂಕ ಎಷ್ಟಕ್ಕಾ?" ಎಂದುಬಿಟ್ಟೆ.

ಜಗಲಿ ಪೂರ್ತಿ ಗಪ್‌ಚಿಪ್ಪಾಯಿತು. ಜೋಲಿಯಲ್ಲಿದ್ದ ಮಗುವೂ ಅಳು ನಿಲ್ಲಿಸಿತೆಂದು ನನಗೆ ನೆನಪು. ಸಿಸ್ಟರಮ್ಮ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯದೆ, "ನೂರಾ ಎಂಟು. ಚೀಲ ಬೇರೆ, ಅದು ಆರು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಕೇಳೋಕೆ ಬಸ್ಸು ಅತ್ತಿ ಬಂದ್ಯಾ? ಮೊದಲ ದಿನಾನೇ ಕೇಳಿದ್ರೆ ಏಳ್ತಿರಲಿಲ್ವಾ?" ಎಂದರು.

ತಾಯಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು, ಅವರೂ ನಕ್ಕರು. ನಾನೂ ನಕ್ಕೆ, ಆದರೆ ಕಂಬ ಬಿಟ್ಟಿರಲಿಲ್ಲ. ಬಸ್ಸಿಗೆ ಕಾಯುವಾಗ ನನ್ನ ಜೊತೆ ರಸ್ತೆಯವರೆಗೆ ಬಂದರು. "ಜನ ಇಂದ್ಗಡೆ ನಗ್ತಾರೆ ಅಂತ ಗೊತ್ತು ಕಣಪ್ಪ. ಬಸ್ಸಲ್ಲಿ ನಾನು ಕೂತ್ರೆ ಪಕ್ಕದಲ್ಲಿರೋರು ಎದ್ದೋಗಿ ನಿಂತ್ಕೋತಾರೆ. ಮುಖ ನೋಡಿ ಕೇಳಿದ್ದು ನೀನೊಬ್ನೆ. ನಂಗೆ ಬೇಜಾರಿಲ್ಲ, ಖುಷೀನೇ ಆಯ್ತು" ಎಂದರು. ಆ ಮೊದಲ ದಿನ ಬೆಂಚು ನರಳಿದಾಗ ಬೇರೆ ಕಡೆ ನೋಡಿದವನೇ ನಾನು.

ನೂರಾ ಎಂಟಕ್ಕೆ ಆರು ಸೇರಿಸಿದರೆ ನೂರಾ ಹದಿನಾಲ್ಕು. ತಾತ ಆ ಅಂಕಿಯನ್ನು ಲೇತಿನ ಮೇಲಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದರು. ಅಂಕಿ ಕಣ್ಣ ಮುಂದೆ ಬಂದ ಕೂಡಲೇ ಕೆಲಸ ತಾನಾಗಿ ಸಾಗಿತು. ಮೂರು ಗೇರಿನ ಗಾಡಿಯನ್ನು ಕೊಂಡು ತಂದು ಪೂರ್ತಿ ಬಿಚ್ಚಿದೆವು. ಹಿಂದಿನ ಚಕ್ರದ ಹಲ್ಲುಗಾಲಿಗೆ ಆರು ಹಲ್ಲು ಹೆಚ್ಚಿಸಿ ತಾತ ಹೊಸದು ಕಡೆದರು. ಹಲ್ಲು ಹೆಚ್ಚಾದಷ್ಟೂ ಓಟ ಕಮ್ಮಿ, ಎಳೆತ ಜಾಸ್ತಿ. ಚೈನಿಗೆ ಮೂರು ಕೊಂಡಿ ಸೇರಿಸಬೇಕಾಯಿತು. ಹಿಂದಿನ ಸ್ಪ್ರಿಂಗುಗಳನ್ನು ತೆಗೆದು ದಪ್ಪ ತಂತಿಯದು ಹಾಕಿದೆ. ಚಕ್ರದ ಕಡ್ಡಿಗಳನ್ನೆಲ್ಲ ಬದಲಾಯಿಸಿ, ಒಂದೊಂದನ್ನೂ ಬೆರಳಲ್ಲಿ ಮೀಟಿ ಸದ್ದು ನೋಡಿ ಬಿಗಿದೆ.

ಸೀಟಿನ ವಿಷಯದಲ್ಲಿ ನನಗೂ ತಾತನಿಗೂ ಜಗಳವೇ ಆಯಿತು. ನಾನು ಅಗಲ ಮಾಡಿದರೆ ಸಾಕು ಎಂದೆ. ಅವರು ಒಪ್ಪಲಿಲ್ಲ. ಸೀಟನ್ನು ಮೂರು ಬೆರಳು ಮುಂದಕ್ಕೆ ತರಬೇಕು, ಭಾರ ಎರಡು ಚಕ್ರದ ನಡುವೆ ಬೀಳಬೇಕು, ಜೊತೆಗೆ ಎರಡು ಬೆರಳು ತಗ್ಗಿಸಬೇಕು, ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೂರಬೇಕು ಎಂದರು. "ದಪ್ಪ ಇರೋರು ಬೀಳೋದು ಓಡುವಾಗ ಅಲ್ಲ ತಂಬಿ, ನಿಲ್ಲುವಾಗ" ಎಂದರು. ಚೀಲಕ್ಕೆ ಹಿಂದೆ ಜಾಗ ಕೊಡಲಿಲ್ಲ, ಹ್ಯಾಂಡಲ್ಲಿನ ಕೆಳಗೆ ಮುಂದೆ ಕೊಕ್ಕೆ ಇಟ್ಟರು. ಬ್ರೇಕಿನ ಲೈನಿಂಗು ಎರಡೂ ಕಡೆ ಹೊಸದು. ಹತ್ತಿಸುವುದರ ಬಗ್ಗೆಯೇ ಯೋಚಿಸುತ್ತಿದ್ದ ನನಗೆ ಇಳಿಯುವುದೂ ಇದೆ ಎಂದು ನೆನಪಿಸಿದ್ದು ಅವರೇ.

ಪರೀಕ್ಷೆಗೆ ಈ ಸಲ ಕ್ಯಾನಿಲ್ಲ. ಕೂರುವ ಜಾಗದಲ್ಲೇ ಮನುಷ್ಯರ ತೂಕ ಇರಬೇಕು ಎಂದರು ತಾತ. ಅವರೂ ನಾನೂ ಬಂಗಾರಪೇಟೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿಗೆ ಹೋಗಿ ದೊಡ್ಡ ತಕ್ಕಡಿಯ ಮೇಲೆ ಒಟ್ಟಿಗೆ ನಿಂತೆವು. "ಇಬ್ರನ್ನೂ ಯಾವ ಊರಿಗೆ ಬುಕ್ ಮಾಡ್ಲಿ?" ಎಂದು ಗುಮಾಸ್ತರು ಕೇಳಿದರು. ನಾನು ಐವತ್ತೆಂಟು, ತಾತ ನಲವತ್ತೊಂಬತ್ತು, ಸ್ಪ್ಯಾನರ್ ಡಬ್ಬಿ ಏಳು. ಸರಿಯಾಗಿ ನೂರಾ ಹದಿನಾಲ್ಕು! ತಾತನಿಗೆ ಎಷ್ಟು ಸಂತೋಷವಾಯಿತೆಂದರೆ ಗುಮಾಸ್ತರಿಗೂ ಬೀಡಿ ಕೊಟ್ಟರು.

ಉರಿಗಾಂನಲ್ಲಿ ಚಿನ್ನ ತೆಗೆದು ಮಿಕ್ಕ ಮಣ್ಣು ಗುಡ್ಡೆಯಾದ ಸೈನೈಡ್ ದಿಬ್ಬದ ಬುಡದ ದಾರಿಗೆ ಗಾಳಿ ತಂದು ಸುರಿದ ಮರಳು ಯಾವಾಗಲೂ ಇರುತ್ತದೆ. ಅಲ್ಲಿ ಒಂದೇ ಸೀಟಿನಲ್ಲಿ ನಾವಿಬ್ಬರೂ ಅಂಟಿಕೊಂಡು ಕೂತು, ಡಬ್ಬಿ ಮುಂದೆ ನೇತುಹಾಕಿ ಹೊರಟೆವು. ಮರಳು ದಾಟಿತು. ಏರು ಬಂತು, ಒಂದನೇ ಗೇರಿಗೆ ಹಾಕಿದೆ. ಗಾಡಿ ಗೊಣಗುತ್ತಾ ನಿಧಾನಕ್ಕೆ ಮೇಲೆ ಹೋಯಿತು, ಮುಂದಿನ ಚಕ್ರ ನೆಲ ಬಿಡಲಿಲ್ಲ. ಬೇಕೆಂದೇ ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಎತ್ತಿದೆ, ಆಗಲೂ ಹತ್ತಿತು. ದಾರಿಯಲ್ಲಿದ್ದವರು ನಮ್ಮಿಬ್ಬರನ್ನು ನೋಡಿ ಏನೆಂದುಕೊಂಡರೋ, ನಾನಂತೂ ಸಿಳ್ಳೆ ಹಾಕುತ್ತಿದ್ದೆ.

ಮಿಕ್ಕ ದಿನಗಳಲ್ಲಿ ಸಿಸ್ಟರಮ್ಮನೇ ಅಭ್ಯಾಸ ಮಾಡಿದರು. ಆರು ಹಳ್ಳಿಗೆ ಹೋಗಿ ಬಂದರು. ದಿಣ್ಣೆಯೂರೊಂದು ಉಳಿಯಿತು. ಅಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವುದೂ ಗುರುವಾರವೇ, ಅದನ್ನು ಅಂದಿಗೇ ಇಟ್ಟುಕೊಂಡಿದ್ದೇನೆ ಎಂದರು.

ಗುರುವಾರ ಬೆಳಿಗ್ಗೆ ನಾನು ನನ್ನ ಗಾಡಿಯಲ್ಲಿ ಸ್ಪ್ಯಾನರ್ ಡಬ್ಬಿ ಕಟ್ಟಿಕೊಂಡು ಅವರ ಹಿಂದೆ ಹೋದೆ. ಏರಿನ ಬುಡದ ಹಳ್ಳದಲ್ಲಿ ಅವರು ನಿಲ್ಲಿಸಿ, "ನೀನು ಇಲ್ಲೇ ಇರು. ಇಂದೆ ಬಂದ್ರೆ ನಿನ್ನ ಕೈಲಿ ನೂಕಿಸ್ಕೊಂಡು ಬಂದೆ ಅಂತಾರೆ" ಎಂದರು. ಸರಿಯಾದ ಮಾತು. ಎಂಟೂವರೆ ಆಗಿತ್ತು. ಅವರು ಸೆರಗು ಸಿಕ್ಕಿಸಿ ಒಂದನೇ ಗೇರಿಗೆ ಹಾಕಿ ಬಂಡೆ ಹತ್ತಿದರು. ತಿರುವಿನಲ್ಲಿ ಮರೆಯಾದ ಮೇಲೆ ಇಂಜಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ಕೇಳುತ್ತಾ ನಿಂತೆ. ಇದ್ದಕ್ಕಿದ್ದಂತೆ ಸದ್ದು ನಿಂತುಹೋಯಿತು.

ಡಬ್ಬಿ ಎತ್ತಿಕೊಂಡು ಓಡಿದೆ. ತಿರುವು ದಾಟಿದರೆ ಗಾಡಿ ಹೊಂಗೆಮರಕ್ಕೆ ಒರಗಿ ಸುಮ್ಮನೆ ನಿಂತಿತ್ತು, ಅದಕ್ಕೇನೂ ಆಗಿರಲಿಲ್ಲ. ದಾರಿಗೆ ಅಡ್ಡವಾಗಿ ಒಂದು ಮಂಚ. ದಿಣ್ಣೆಯೂರಿನ ಒಬ್ಬ ಬಸುರಿಗೆ ಬೆಳಗಿನಿಂದ ನೋವು ಶುರುವಾಗಿ, ಮಂಚದ ಮೇಲೆ ಹೊತ್ತು ಬಸ್ಸಿನ ರಸ್ತೆಗೆ ಇಳಿಸುತ್ತಿದ್ದರು. ಸುತ್ತ ಹೆಂಗಸರು ಸೀರೆ ಹಿಡಿದು ಮರೆ ಮಾಡಿದ್ದರು. ಮರೆಯ ಒಳಗಿಂದ ಸಿಸ್ಟರಮ್ಮನ ದನಿ. "ಇನ್ನು ಎತ್ತಬ್ಯಾಡಿ, ಇಲ್ಲೇ ಆಗೋಗ್ತದೆ. ನೀನು ಎದರಬ್ಯಾಡ ಕಣವ್ವ, ನಾನು ಬಂದಿವ್ನಿ."

ನಾನು ಕೆಳಗಿಳಿದು ಬಂದೆ. ಗಡಿಯಾರ ನೋಡಿಕೊಂಡೆ, ಒಂಬತ್ತಕ್ಕೆ ಹತ್ತು ನಿಮಿಷ. ಮೇಲೆ ಹೋಗಿ ನಿಂತರೆ ಅವರ ಏಳು ಊರು ಉಳಿಯುತ್ತಿತ್ತು. ಅದನ್ನು ಅವರು ಒಂದು ಕ್ಷಣವಾದರೂ ಯೋಚಿಸಿದರೋ ಇಲ್ಲವೋ, ನಾನಂತೂ ನಾಚಿಕೆಯಿಲ್ಲದೆ ಅದನ್ನೇ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಡಾಕ್ಟರ ಜೀಪು ಬಂತು. ಹಳ್ಳದಿಂದ ಮುಂದೆ ಬಂಡೆಗಳ ನಡುವೆ ಜೀಪು ಹೋಗುವುದಿಲ್ಲ. ಡಾಕ್ಟರು ಇಳಿದು, ಕೈಗಡಿಯಾರ ನೋಡಿ, "ಎಲ್ಲಿ ನಿಮ್ಮ ಸಿಸ್ಟರು? ಮೇಲೆ ತಲುಪಿದರಾ?" ಎಂದರು.

"ಇಲ್ಲ ಸಾರ್, ಅರ್ಧ ದಾರೀಲವ್ರೆ" ಎನ್ನುವಷ್ಟರಲ್ಲಿ ಮೇಲಿಂದ ಮಗು ಅಳುವುದು ಕೇಳಿತು.

ಡಾಕ್ಟರು ಚೀಲ ಹಿಡಿದು ಓಡಿದರು, ನಾನೂ ಹಿಂದೆ ಹೋಗಿ ಮರೆಯಿಂದಾಚೆ ನಿಂತೆ. ಒಳ್ಳೆಯ ಡಾಕ್ಟರೇ ಅವರು, ಇಲ್ಲವೆನ್ನಲಾರೆ. ಎಲ್ಲ ಮುಗಿಯುವ ತನಕ ಅಲ್ಲೇ ಇದ್ದು, ತಾಯಿ ಮಗು ಇಬ್ಬರನ್ನೂ ನೋಡಿ, ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕಳಿಸಿದರು. ಅಷ್ಟೊತ್ತಿಗೆ ಹತ್ತು ದಾಟಿತ್ತು. ಸಿಸ್ಟರಮ್ಮ ಕೈ ತೊಳೆದು, ಚೀಲವನ್ನು ಕೊಕ್ಕೆಗೆ ಹಾಕಿ, "ಮ್ಯಾಲೆ ಮಕ್ಕಳು ಕಾಯ್ತಾ ಅವ್ರೆ ಸಾರ್, ನಾನು ಒರಡ್ತೀನಿ" ಎಂದು ಕಿಕ್ ಹೊಡೆದರು. ಏರಿನ ಮಧ್ಯದಿಂದಲೇ ಗಾಡಿ ಎತ್ತಿ, ನಮ್ಮ ಕಣ್ಣೆದುರಿಗೆ ಬಂಡೆ ಹತ್ತಿ ಹೋದರು.

ಜೀಪಿಲ್ಲದ ಡಾಕ್ಟರು ನನ್ನ ಜೊತೆ ನಡೆದರು. ಬಿಸಿಲೇರಿತ್ತು, ಬಂಡೆ ಕಾದಿತ್ತು. ಎರಡು ಸಲ ಕೂತರು. ಮೂರನೆಯ ಸಲ ಕೂತಾಗ ಕರ್ಚೀಫಿನಿಂದ ಮುಖ ಒರೆಸಿಕೊಂಡು, "ಇದನ್ನ ಆಕೆ ಇಷ್ಟು ವರ್ಷ ನಡ್ಕೊಂಡೇ ಹತ್ತುತ್ತಿದ್ದರಾ?" ಎಂದು ಕೇಳಿದರು.

"ಹೌದು ಸಾರ್. ಹದಿನಾರು ವರ್ಷ."

ಅವರು ಕರ್ಚೀಫು ಮಡಚಿ ಜೇಬಿಗಿಟ್ಟು ಎದ್ದರು.

ನಾವು ಮೇಲೆ ತಲುಪಿದಾಗ ಶಾಲೆಯ ಜಗಲಿಯ ಮುಂದೆ ತಾಯಂದಿರ ಸಾಲು ನಿಂತಿತ್ತು. ಸಿಸ್ಟರಮ್ಮ ಅರ್ಧ ಸಾಲು ಮುಗಿಸಿ ಒಂದು ಮಗುವಿನ ತೋಳಿಗೆ ಚುಚ್ಚುಮದ್ದು ಹಾಕುತ್ತಿದ್ದರು. ಡಾಕ್ಟರು ಹತ್ತಿರ ಹೋಗಿ, "ಸಿಸ್ಟರ್, ಆ ಕೋಲಾರದ ವಿಷಯ" ಎಂದು ಶುರು ಮಾಡಿದರು.

"ಇನ್ನೂ ಹನ್ನೊಂದು ಮಕ್ಕಳವ್ರೆ ಸಾರ್, ಒಸಿ ತಾಳಿ" ಎಂದರು ಸಿಸ್ಟರಮ್ಮ, ತಲೆ ಎತ್ತದೆ.

ಡಾಕ್ಟರು ಬಂದು ನನ್ನ ಪಕ್ಕದಲ್ಲಿ ಜಗಲಿಯ ಮೇಲೆ ಕೂತರು. ಹನ್ನೊಂದು ಮಕ್ಕಳೂ ಮುಗಿಯುವ ತನಕ ಕಾದರು. ಆಮೇಲೆ ಎದ್ದು ಹೋಗಿ ಕೇಳಿದ್ದು, ಮುಂದಿನ ಗುರುವಾರ ಎಷ್ಟು ಚುಚ್ಚುಮದ್ದು ಕಳಿಸಲಿ ಎಂದು.